ಡಾಕ್ಟರು ಕಚ್ಚಿದ ಮಾಲು

ನನ್ನ ಅಕ್ಕನ ಗಂಡ ಹೊಸ ರಬ್ಬರನ್ನು ಕಚ್ಚಿ ನೋಡುತ್ತಾರೆ. ಇದನ್ನು ನಾನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ. ಕಾರಿನ ಬಾಗಿಲಂಚಿಗೆ ಕೂರಿಸುವ ಪಟ್ಟಿಯಾಗಲಿ, ನೀರು ಹರಿಯುವ ಕೊಳವೆಯಾಗಲಿ, ಪೆಡಲಿಗೆ ತೊಡಿಸುವ ಹೊದಿಕೆಯಾಗಲಿ, ಅಂಗಡಿಯವನು ಕೈಗೆ ಕೊಟ್ಟೊಡನೆ ಅವರು ಅದನ್ನು ಮೊದಲು ಬೆಳಕಿಗೆ ಹಿಡಿದು, ಆಮೇಲೆ ಮೂಸಿ, ಕೊನೆಗೆ ಬಾಯಿಯ ಬಲಗಡೆಗೆ ಸರಿಸಿ, ಕಣ್ಣು ಮುಚ್ಚಿ, ದವಡೆ ಹಲ್ಲುಗಳ ನಡುವೆ ನಿಧಾನವಾಗಿ ಅದುಮುತ್ತಾರೆ. ಆಗ ಅವರ ಮುಖದಲ್ಲಿ ಒಳ್ಳೆಯ ಸಂಗೀತ ಕೇಳುವವರ ಏಕಾಗ್ರತೆ ಇರುತ್ತದೆ. ಕಚ್ಚಿದ ಜಾಗ ಮತ್ತೆ ಉಬ್ಬಿ ಮೊದಲಿನಂತಾದರೆ ಅದು ರಬ್ಬರು. ಹಲ್ಲಿನ ಗುರುತು ಹಾಗೆಯೇ ಉಳಿದರೆ ರಬ್ಬರಿನ ವೇಷ ಹಾಕಿದ ಇನ್ನೇನೋ. ಈ ವಯಸ್ಸಿನಲ್ಲೂ ಬಾಯಿಯಲ್ಲಿ ಸ್ವಂತ ಹಲ್ಲುಗಳೆಲ್ಲವನ್ನೂ ಉಳಿಸಿಕೊಂಡಿರುವುದರ ಮುಖ್ಯ ಪ್ರಯೋಜನ ಇದೇ ಎಂದು ಅವರು ನಂಬಿದಂತಿದೆ.

ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿಯೊಂದು ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಹೆಸರಿಗೆ ಹಳೆಯ ಕಾರುಗಳ ಅಂಗಡಿ, ಒಳಗಿರುವುದೆಲ್ಲ ಹೊಸದು. ಮೂಲ ಕಾರ್ಖಾನೆಗಳು ತಯಾರಿಸುವುದನ್ನು ಯಾವತ್ತೋ ನಿಲ್ಲಿಸಿದ ಭಾಗಗಳನ್ನು ಈಗ ಯಾರೋ ಎಲ್ಲೋ ಎರಕ ಹೊಯ್ದು, ಹಳೆಯ ಕಾಲದ ಅಕ್ಷರಗಳನ್ನು ಮುದ್ರಿಸಿದ ಡಬ್ಬಿಗಳಲ್ಲಿ ತುಂಬಿ ಕಳಿಸುತ್ತಾರೆ. ಡಬ್ಬಿಗಳು ಬಹಳ ಚೆನ್ನಾಗಿರುತ್ತವೆ. ಮಾಲೀಕನ ಬಾಯಲ್ಲಿ ಪ್ರತಿಯೊಂದು ವಸ್ತುವೂ ‘ಸೇಮ್ ಟು ಸೇಮ್’ ಆಗಿರುವುದರಿಂದ ಭಾವ ಅವನಿಗೆ ಅದೇ ಹೆಸರಿಟ್ಟಿದ್ದಾರೆ, ಅವನೂ ಬೇಸರವಿಲ್ಲದೆ ಆ ಹೆಸರಿಗೆ ಓಗೊಡುತ್ತಾನೆ. ಒಮ್ಮೆ ನಾನೂ ಜೊತೆಗಿದ್ದಾಗ ಅವನು ಕಪ್ಪು ಕೊಳವೆಯೊಂದನ್ನು ತಂದು ಮುಂದಿಟ್ಟ.

“ಸೇಮ್ ಟು ಸೇಮ್ ಸಾರ್. ಕಂಪನಿ ಮಾಲಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೆ ಕೇಳಿ.”

ಭಾವ ಕಚ್ಚಿದರು. ಕಣ್ಣು ತೆರೆದರು. “ನೋವಾದ್ರೆ ಕೈ ಎತ್ತಪ್ಪ,” ಎಂದರು.

“ಹೇಳಿ ಸಾರ್, ಪರವಾಗಿಲ್ಲ.”

“ಇದು ಒಂದು ಬೇಸಿಗೇನೂ ತಡೆಯಲ್ಲ.”

ಸೇಮ್ ಟು ಸೇಮ್ ಎಡಗೈಯನ್ನು ಶಾಸ್ತ್ರಕ್ಕೆಂಬಂತೆ ಅರ್ಧ ಎತ್ತಿ ಇಳಿಸಿದ. “ಬೇರೆ ಗಿರಾಕಿಗಳು ಕೈಯಲ್ಲಿ ಹಿಡಿದು ನೋಡ್ತಾರೆ ಸಾರ್. ತಿಂದು ನೋಡೋದು ನೀವೊಬ್ರೇ,” ಎಂದು ಕೊಳವೆಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಡಬ್ಬಿಗೆ ಹಾಕಿದ.

ಭಾವ ವೃತ್ತಿಯಿಂದ ದಂತವೈದ್ಯರು. ಚಿಕಿತ್ಸಾಲಯ ಮುಚ್ಚಿ ವರ್ಷಗಳಾದರೂ ಆ ವೃತ್ತಿ ಅವರ ದೇಹವನ್ನು ಬಿಟ್ಟು ಹೋಗಿಲ್ಲ. ಕುರ್ಚಿಯಲ್ಲಿ ಒರಗಿದ ರೋಗಿಗಳ ಮೇಲೆ ಬಲಗಡೆಯಿಂದ ಬಾಗಿ ಬಾಗಿ ಅವರ ಬೆನ್ನು ಅದೇ ಕಡೆಗೆ ನಿಂತುಬಿಟ್ಟಿದೆ. ದೂರದಿಂದ ನಡೆದು ಬರುವಾಗ ಯಾರ ಬಾಯಿಯನ್ನೋ ಇಣುಕಿ ನೋಡುತ್ತ ಬರುತ್ತಿರುವಂತೆ ಕಾಣುತ್ತದೆ. ಕೆಟ್ಟ ಸುದ್ದಿ ಹೇಳುವ ಮೊದಲು, ಎದುರಿಗಿರುವವರು ನೆಂಟರಾಗಲಿ ನೆರೆಯವರಾಗಲಿ, “ನೋವಾದ್ರೆ ಕೈ ಎತ್ತಿ” ಎನ್ನುವುದು ಅವರ ರೂಢಿ. ನಮ್ಮ ತಂದೆ ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವರೂ ಅವರೇ, ಇದೇ ಪೀಠಿಕೆಯೊಂದಿಗೆ. ನಾನು ಕೈ ಎತ್ತಲಿಲ್ಲ, ಆದರೆ ಆ ಮಾತಿನಿಂದ ನನಗೆ ಕುಳಿತುಕೊಳ್ಳಲು ಸಮಯ ಸಿಕ್ಕಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಚಿಕಿತ್ಸಾಲಯದ ಬಿಳಿ ಕೋಟು ಈಗ ಶೆಡ್ಡಿನ ಕೋಟಾಗಿದೆ. ಅದನ್ನು ಬಿಳಿ ಎನ್ನುವುದು ಹಳೆಯ ಸಂಬಂಧದ ಮೇಲಿನ ಗೌರವಕ್ಕಾಗಿ ಮಾತ್ರ. ಎದೆಯ ಜೇಬಿನಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ, ಒಂದು ಕಾಲದಲ್ಲಿ ದವಡೆಯ ಹಿಂಬದಿಯನ್ನು ನೋಡಲು, ಈಗ ಎಂಜಿನ್ನಿನ ಹಿಂಬದಿಯನ್ನು ನೋಡಲು. ಕೆಳಗಿನ ಎರಡು ಜೇಬುಗಳಲ್ಲಿ ಕಾರಿನಿಂದ ಬಿಚ್ಚಿದ ಹಳೆಯ ತುಂಡುಗಳು. ಹೊಸದನ್ನು ಹಾಕಿದ ಮೇಲೆ ಹಳೆಯದನ್ನು ಬಿಸಾಡುವ ಪದ್ಧತಿ ಅವರಲ್ಲಿಲ್ಲ. ಹೊಸದು ತನ್ನ ಯೋಗ್ಯತೆಯನ್ನು ತೋರಿಸುವವರೆಗೆ ಹಳೆಯದು ಕೋಟಿನ ಜೇಬಿನಲ್ಲಿ ಕಾಯುತ್ತಿರಬೇಕು. ಹೀಗಾಗಿ ಅವರು ನಡೆದರೆ ಸಣ್ಣಗೆ ಗಲಗಲ ಸದ್ದಾಗುತ್ತದೆ, ಅಕ್ಕನಿಗೆ ಮನೆಯ ಯಾವ ಮೂಲೆಯಲ್ಲಿದ್ದರೂ ಗಂಡ ಎಲ್ಲಿದ್ದಾರೆಂಬುದು ತಿಳಿಯುತ್ತದೆ.

ನನ್ನನ್ನು ಅವರು ಮೇಷ್ಟ್ರಮ್ಮ ಎನ್ನುತ್ತಾರೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳಿಗೆ ಆ ಪದ ಒಪ್ಪುವುದಿಲ್ಲವೆಂದು ಮೊದಲೊಮ್ಮೆ ಹೇಳಿದ್ದೆ, ಪ್ರಯೋಜನವಾಗಲಿಲ್ಲ. ಒಂದು ಸಂಜೆ, ಸೇಮ್ ಟು ಸೇಮ್‌ನ ಇಡೀ ವಂಶವನ್ನು ಅವರು ಜಾಲಾಡುತ್ತಿದ್ದಾಗ, ನನಗೆ ಸಹಜವೆನಿಸಿದ ಪ್ರಶ್ನೆಯೊಂದನ್ನು ಕೇಳಿದೆ. “ಜೀವಮಾನವೆಲ್ಲ ನಕಲಿ ಹಲ್ಲು ಮಾಡಿ ಜನರ ಬಾಯಿಗೆ ಇಟ್ಟವರು ನೀವು. ನಕಲಿಯ ಮೇಲೆ ನಿಮಗೇ ಇಷ್ಟು ಸಿಟ್ಟು ಬಂದ್ರೆ ಹೇಗೆ ಭಾವ?”

ಅವರು ಸ್ವಲ್ಪವೂ ತಡವರಿಸಲಿಲ್ಲ. “ನಕಲಿ ಮೇಲೆ ನಂಗೆ ಸಿಟ್ಟಿಲ್ಲ ಮೇಷ್ಟ್ರಮ್ಮ. ನಾನು ಮಾಡಿದ ಹಲ್ಲು ಅಗೀತಿತ್ತು.”

ವಾದವೆಂದರೆ ಹೀಗಿರಬೇಕು.

ಅವರ ಕಾರು ಕಡುಹಸಿರು ಬಣ್ಣದ, ಗುಂಡು ಬೆನ್ನಿನ, ಮುಂದಿನ ಎರಡು ದೀಪಗಳಿಂದಾಗಿ ಸದಾ ಏನನ್ನೋ ಮರೆತು ಬಂದವರ ಹಾಗೆ ಕಾಣುವ ಹಳೆಯ ಗಾಡಿ. ನಿವೃತ್ತ ವಕೀಲರೊಬ್ಬರ ಅಂಗಳದಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತಿದ್ದುದನ್ನು ಚಿಕಿತ್ಸಾಲಯ ಮುಚ್ಚಿದ ವರ್ಷವೇ ಮನೆಗೆ ಎಳೆಸಿ ತಂದರು. ಅಂದಿನಿಂದ ಅದರ ದುರಸ್ತಿ ನಡೆಯುತ್ತಲೇ ಇದೆ. ಮುಗಿಯದಿರಲು ಕಾರಣ ಅವರ ಸೋಮಾರಿತನವಲ್ಲ. ಸರಿಪಡಿಸಿದ್ದನ್ನು ಸರಿಪಡಿಸುವುದರಲ್ಲೇ ಕಾಲ ಹೋಗುತ್ತಿತ್ತು. ಹೊಸ ಚಕ್ರಮುಚ್ಚಳಗಳ ಹೊಳಪು ಬಿಸಿಲಿಗೆ ಸುಲಿದ ಮೂಗಿನಂತೆ ಎದ್ದು ಬಂತು. ದೀಪದ ಸುತ್ತಿನ ಬಳೆಗೆ ಕೊರೆದ ತೂತುಗಳಲ್ಲಿ ಒಂದು ಮಾತ್ರ ಎಳ್ಳಷ್ಟು ಪಕ್ಕಕ್ಕಿತ್ತು, ಆ ಎಳ್ಳಷ್ಟಕ್ಕೆ ಒಂದು ವಾರ ಅರ ಹಿಡಿದು ಕುಳಿತರು. ಒರೆಸುವ ರಬ್ಬರು ಮಳೆಯ ನೀರನ್ನು ಗಾಜಿನಿಂದ ತೆಗೆಯುವ ಬದಲು ಗಾಜಿನ ತುಂಬ ಸಮನಾಗಿ ಹಂಚಿತು.

ಬಾಗಿಲಿನ ಕತೆ ಇನ್ನೂ ಸೊಗಸು. ಹೊಸ ರಬ್ಬರು ಪಟ್ಟಿ ಕೂರಿಸಿದ ಮೇಲೆ ಎಡಬಾಗಿಲು ಮುಚ್ಚಲೊಲ್ಲದು. ದೂಡಿದರೆ ಮೆತ್ತಗೆ ಹಿಂದಕ್ಕೆ ಬರುತ್ತದೆ. ಬೇರೆಯವರಾಗಿದ್ದರೆ ಒದೆಯುತ್ತಿದ್ದರು. ಭಾವ ಒಳಗಿನಿಂದ ನೀಲಿ ಕಾಗದದ ಸಣ್ಣ ಸುರುಳಿಯೊಂದನ್ನು ತಂದರು. ಹೊಸ ಹಲ್ಲು ಹಾಕಿಸಿಕೊಂಡವರಿಗೆ ಆ ಕಾಗದವನ್ನು ಕಚ್ಚಲು ಕೊಡುತ್ತಾರೆ, ಎಲ್ಲಿ ಎತ್ತರವಾಗಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಅದನ್ನು ಬಾಗಿಲಿನ ಸಂದಿಯಲ್ಲಿಟ್ಟು, ಬಾಗಿಲನ್ನು ತಟ್ಟಿ, “ಕಚ್ಚಿ. ಹ್ಞಾಂ, ಬಿಡಿ. ಇನ್ನೊಂದ್ಸಲ ಕಚ್ಚಿ,” ಎಂದು ಕಾರಿಗೆ ಹೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀಲಿ ಅಂಟಿದ ಕಡೆಯೆಲ್ಲ ರಬ್ಬರನ್ನು ಕೆರೆದ ಮೇಲೆ ಬಾಗಿಲು ಸಭ್ಯವಾಗಿ ಮುಚ್ಚಿಕೊಂಡಿತು. ಕಿಟಕಿ ಇಳಿಸುವ ಹಿಡಿಯ ಗುಂಡಿ ಒಡೆದಾಗ ಅಂಗಡಿಯಲ್ಲಿ ಸಿಕ್ಕ ಮೂರೂ ಗುಂಡಿಗಳು ಕೈಯಲ್ಲೇ ಪುಡಿಯಾದವು. ಆಗ ಉಳಿದ ಒಂದು ಹಳೆಯ ಗುಂಡಿಯ ಅಚ್ಚನ್ನು ಬಾಯಿಯ ಅಚ್ಚು ತೆಗೆಯುವ ಹಿಟ್ಟಿನಲ್ಲೇ ತೆಗೆದು, ಹಲ್ಲು ಸೆಟ್ಟಿನ ವಸಡು ಮಾಡುವ ವಸ್ತುವಿನಲ್ಲೇ ಹೊಸದನ್ನು ಎರಕ ಹೊಯ್ದರು. ಅದು ವಸಡಿನ ಬಣ್ಣದ್ದು, ತಿಳಿಗುಲಾಬಿ. ಕಡುಹಸಿರು ಕಾರಿನೊಳಗೆ ಅದು ನಾಲಗೆ ಚಾಚಿದಂತೆ ಕಾಣುತ್ತದೆ. ಆದರೆ ಕಿಟಕಿ ಇಳಿಯುತ್ತದೆ, ಏರುತ್ತದೆ. “ಚೆಂದ ಕೇಳ್ಬೇಡಿ, ಕೆಲಸ ನೋಡಿ,” ಎನ್ನುತ್ತಾರೆ.

ಇಷ್ಟರವರೆಗೆ ಎಲ್ಲವೂ ವಿನೋದವೇ. ವಿನೋದಕ್ಕೆ ಮಿತಿ ಹಾಕಿದವಳು ಅಕ್ಕ.

ಅಕ್ಕ ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮಣ್ಣಿನ ಪಾತ್ರೆ ಮಾಡುವುದನ್ನು ಕಲಿತಳು, ಕಲಿತು ಚೆನ್ನಾಗಿಯೇ ಮಾಡುತ್ತಾಳೆ. ಅವಳ ತಿರುಗುವ ಚಕ್ರ ಬಚ್ಚಲಿಗೆ ಹೋಗುವ ಓಣಿಯಲ್ಲಿತ್ತು, ಹಸಿ ಪಾತ್ರೆಗಳು ಮಲಗುವ ಕೋಣೆಯ ಕಪಾಟಿನ ಮೇಲೆ ಒಣಗುತ್ತಿದ್ದವು. ಮನೆಯಲ್ಲಿದ್ದ ಒಂದೇ ವಿಶಾಲವಾದ, ಗಾಳಿ ಬೆಳಕು ಇದ್ದ ಜಾಗವೆಂದರೆ ಶೆಡ್ಡು. ಅದರಲ್ಲಿ ಕಾರು ಬಾಯಿ ತೆರೆದು ನಿಂತಿರುತ್ತಿತ್ತು. ಅವಳ ಪಾತ್ರೆಗಳ ಮೊದಲ ಪ್ರದರ್ಶನದ ದಿನ ಗಂಡನ ಒತ್ತಾಯಕ್ಕೆ ಕಟ್ಟುಬಿದ್ದು ಪಾತ್ರೆಗಳ ಸಮೇತ ಅದೇ ಕಾರಿನಲ್ಲಿ ಹೊರಟಳು. ಹೊಸದಾಗಿ ಹಾಕಿದ ಪೆಟ್ರೋಲಿನ ಕೊಳವೆ, ಕಚ್ಚಿ ಪರೀಕ್ಷಿಸಿ ಒಪ್ಪಿದ್ದೇ, ಪೆಟ್ರೋಲು ಕುಡಿದು ಒಳಗೊಳಗೇ ಊದಿಕೊಂಡು ದಾರಿಯನ್ನು ಮುಚ್ಚಿಬಿಟ್ಟಿತು. ಅಕ್ಕ ಹಾಲಿನ ವ್ಯಾನೊಂದರಲ್ಲಿ, ದೊಡ್ಡ ಹೂಜಿಯನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಪ್ರದರ್ಶನಕ್ಕೆ ತಾನೇ ಕೊನೆಯವಳಾಗಿ ತಲುಪಿದಳು.

ಅದೇ ವಾರ ಹೋಟೆಲು ಮಾಲೀಕರೊಬ್ಬರು ಮನೆಗೆ ಬಂದರು. ತಮ್ಮ ಹೋಟೆಲಿನ ಮುಂಭಾಗದಲ್ಲಿ, ಹೂಕುಂಡಗಳ ನಡುವೆ ನಿಲ್ಲಿಸಲು ಅವರಿಗೊಂದು ಹಳೆಯ ಕಾರು ಬೇಕಿತ್ತು. “ಓಡೋದೇನೂ ಬೇಡ ಡಾಕ್ಟ್ರೇ. ನಿಂತಿದ್ರೆ ಸಾಕು, ನೋಡೋಕೆ ಲಕ್ಷಣವಾಗಿರಬೇಕು,” ಎಂದರು. ಭಾವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿರಲಿಲ್ಲ. ಬಂದವರು ಹೋದ ಮೇಲೆ, “ಲೋಟದಲ್ಲಿ ಇಟ್ಟ ಹಲ್ಲು ಸೆಟ್ಟು ಮಾಡ್ತಾರಂತೆ ನನ್ನ ಕಾರನ್ನ,” ಎಂದು ಊಟ ಮಾಡದೆ ಎದ್ದರು. ಅಕ್ಕ ಊಟ ಮುಗಿಸಿ ಕೈತೊಳೆದು ಬಂದು ಷರತ್ತು ಹೇಳಿದಳು: ಊರಾಚೆಯ ಗುಡ್ಡದ ಮೇಲೆ ನೀರಿನ ಟ್ಯಾಂಕು ಇದೆಯಲ್ಲ, ಅಲ್ಲಿಯವರೆಗೆ ಅವಳನ್ನು ಕಾರಿನಲ್ಲಿ ಕರೆದೊಯ್ದು ವಾಪಸು ತರಬೇಕು. ನಡುವೆ ಎಲ್ಲೂ ನಿಲ್ಲದಿದ್ದರೆ ಮುಂದೆಂದೂ ಶೆಡ್ಡಿನ ಮಾತೆತ್ತುವುದಿಲ್ಲ. ನಿಂತರೆ ಶೆಡ್ಡು, ಅದರೊಳಗಿರುವ ಸಮಸ್ತವೂ ಸೇರಿ, ಅವಳ ತೀರ್ಮಾನಕ್ಕೆ. ಅವಳ ತೀರ್ಮಾನ ಏನಿರುತ್ತದೆಂಬುದು ಗುಟ್ಟೇನಾಗಿರಲಿಲ್ಲ. ಹೋಟೆಲಿನವರ ಚೀಟಿ ಟೆಲಿಫೋನಿನ ಪಕ್ಕದಲ್ಲೇ ಇತ್ತು. ತೀರ್ಪು ಹೇಳುವ ಕೆಲಸ ನನಗೆ ಬಂತು, ನಾನು ಮುಖ ನೋಡಿ ಮಣೆ ಹಾಕುವವಳಲ್ಲವೆಂಬ ಕಾರಣಕ್ಕೆ.

ಆ ಭಾನುವಾರ ನಾನು ಬೆಳಿಗ್ಗೆಯೇ ಹೋದೆ. ಭಾವ ಶೆಡ್ಡಿನಲ್ಲಿದ್ದರು. ಮೈಮೇಲೆ ಕೋಟಿರಲಿಲ್ಲ, ಸಂದರ್ಭಕ್ಕೆ ತಕ್ಕಂತೆ ಇಸ್ತ್ರಿ ಮಾಡಿದ ಶರ್ಟು ತೊಟ್ಟಿದ್ದರು, ಕೋಟು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಎಂಜಿನ್ನಿನ ಮೇಲೆ ಬಾಗಿ, ರೋಟರ್ ಎನ್ನುವ ಭಾಗವನ್ನು ಬಿಚ್ಚುತ್ತಿದ್ದರು. ಹೆಬ್ಬೆರಳಿನಷ್ಟೇ ದೊಡ್ಡದಾದ ಈ ತುಂಡು ತಿರುಗುತ್ತ ಒಂದೊಂದು ಸಿಲಿಂಡರಿಗೂ ಸರದಿಯ ಪ್ರಕಾರ ಕಿಡಿಯನ್ನು ಹಂಚುತ್ತದೆ. ಅದು ಕೈಕೊಟ್ಟರೆ ಉಳಿದುದೆಲ್ಲ ಸರಿಯಿದ್ದೂ ಕಾರು ಕದಲುವುದಿಲ್ಲ. ಬಿಚ್ಚಿದ್ದು ಕಂದು ಬಣ್ಣದ್ದು, ಕಾರು ಹುಟ್ಟಿದಂದಿನಿಂದ ಅದರೊಳಗೇ ಇದ್ದುದು. ಹಾಕಲು ಹೊರಟಿದ್ದು ಸೇಮ್ ಟು ಸೇಮ್‌ನ ಅಂಗಡಿಯ ಕಪ್ಪು ಮಿರುಗುವ ಹೊಸದು.

“ಹಳೇದು ಕೆಟ್ಟಿದೆಯಾ?” ಎಂದೆ.

“ಅದರಲ್ಲಿ ಒಂದು ಬಿರುಕಿನ ಗೆರೆ ಇದೆ ಮೇಷ್ಟ್ರಮ್ಮ.”

“ಮೊದಲು ಇರಲಿಲ್ವಾ?”

“ಇತ್ತು.”

“ಮತ್ತೆ?”

“ಮೊದಲು ಇಂಥ ದಿನ ಇರಲಿಲ್ಲ.”

ಹೊಸದನ್ನು ಕಚ್ಚಿ ನೋಡಿದಿರಾ ಎಂದು ಕೇಳಿದೆ. ಅದು ಗಟ್ಟಿ ಪ್ಲಾಸ್ಟಿಕ್ಕು, ಹಲ್ಲಿಗೆ ಏನೂ ಹೇಳುವುದಿಲ್ಲ ಎಂದರು. ಹಳೆಯದನ್ನು ಅಭ್ಯಾಸಬಲದಿಂದ ಕೋಟಿನ ಜೇಬಿಗೆ ಹಾಕಿ, ಕೋಟನ್ನು ಮೊಳೆಯ ಮೇಲೆಯೇ ಬಿಟ್ಟು, ಕೈ ತೊಳೆಯಲು ಹೋದರು. ಎಂದೂ ಹೊಸದನ್ನು ನಂಬದ ಮನುಷ್ಯ, ನಂಬಲೇಬಾರದಿದ್ದ ಒಂದೇ ದಿನ ಅದನ್ನು ನಂಬಿದರು. ಪರೀಕ್ಷೆಯ ದಿನ ಬುದ್ಧಿವಂತ ವಿದ್ಯಾರ್ಥಿಗಳು ಸರಿಯಾಗಿ ಬರೆದಿದ್ದ ಉತ್ತರವನ್ನು ಹೊಡೆದುಹಾಕಿ ತಪ್ಪನ್ನು ಬರೆಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ತೀರ್ಪುಗಾರಳು ಸಲಹೆ ಕೊಡುವಂತಿಲ್ಲ.

ಕಾರು ಸೊಗಸಾಗಿ ಹೊರಟಿತು. ಅಕ್ಕ ಮುಂದೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ನಾನು ಹಿಂದೆ. ಊರು ದಾಟಿತು, ಗುಡ್ಡದ ಬುಡ ಬಂತು, ಏರು ಶುರುವಾಯಿತು. ಭಾವ ಸಣ್ಣಗೆ ಸಿಳ್ಳೆ ಹಾಕತೊಡಗಿದ್ದರು. ಟ್ಯಾಂಕು ಕಣ್ಣಿಗೆ ಬಿದ್ದ ತಿರುವಿನಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿತು, ಸಿಳ್ಳೆ ನಿಂತಿತು, ಆಮೇಲೆ ಕಾರೂ ನಿಂತಿತು. ಭಾವ ಚಕ್ರಕ್ಕೆ ಕಲ್ಲು ಕೊಟ್ಟು ಮುಂಭಾಗದ ಮುಚ್ಚಳ ಎತ್ತಿದರು. ಏನಾಗಿದೆಯೆಂದು ಅವರಿಗೆ ನೋಡುವ ಮೊದಲೇ ಗೊತ್ತಿತ್ತು: ಕೀಳು ಪ್ಲಾಸ್ಟಿಕ್ಕು ತಣ್ಣಗಿರುವವರೆಗೆ ಕಿಡಿಯನ್ನು ಹಿಡಿದಿಡುತ್ತದೆ, ಕಾದೊಡನೆ ಎಲ್ಲೆಂದರಲ್ಲಿ ಸೋರಿಬಿಡುತ್ತದೆ. ಅವರ ಬಲಗೈ ಕೋಟಿನ ಜೇಬು ಇರಬೇಕಾದ ಜಾಗಕ್ಕೆ ಹೋಯಿತು. ಇಸ್ತ್ರಿ ಶರ್ಟಿನ ಮೇಲೆ ಅದು ಮೇಲೆ ಕೆಳಗೆ ಆಡಿತು, ಅಲ್ಲೇ ನಿಂತಿತು.

ಅಕ್ಕ ಅವಸರವಿಲ್ಲದೆ ಇಳಿದಳು.

“ಏನ್ರೀ ಹುಡುಕ್ತಿದೀರಿ?”

“ಏನಿಲ್ಲ.”

“ಕಂದು ಬಣ್ಣದ್ದಾ?”

ಭಾವ ತಿರುಗಿ ನೋಡಿದರು. ಅಕ್ಕ ಕೈಚೀಲ ತೆರೆದು, ಕನ್ನಡಕದ ಪೆಟ್ಟಿಗೆಯನ್ನೂ ನೀರಿನ ಸೀಸೆಯನ್ನೂ ಸರಿಸಿ, ಮಡಿಸಿದ ಕರವಸ್ತ್ರವೊಂದನ್ನು ಹೊರತೆಗೆದಳು. ಅದರೊಳಗೆ ಹಳೆಯ ರೋಟರ್ ಇತ್ತು.

“ಕೋಟು ಬಿಟ್ಟು ಶರ್ಟು ಹಾಕ್ಕೊಂಡಾಗಲೇ ಅಂದ್ಕೊಂಡೆ, ಇವತ್ತು ಇವರ ತಲೆ ನೆಟ್ಟಗಿಲ್ಲ ಅಂತ. ಜೇಬು ತಡಕಿದೆ, ಇದು ಸಿಕ್ತು. ಒರೆಸೋಕೆ ಅಂತ ಬಿಚ್ಚಿದಾಗಲೆಲ್ಲ ಊಟದ ಮೇಜಿನ ಮೇಲಿಟ್ಕೊಂಡು ಇದರ ಗುಣಗಾನ ಮಾಡಿದೀರಿ, ನಂಗೆ ಗುರುತು ಸಿಗಲ್ವಾ?”

“ಗೊತ್ತಿದ್ರೆ ಮನೇಲೇ ಹೇಳ್ಬಾರದಿತ್ತೇನೇ?”

“ಹೇಳಿದ್ರೆ ಷರತ್ತು ನಾನು ಸೋಲ್ತಿದ್ದೆ.”

“ಮತ್ತೆ ಇದನ್ನ ತಂದಿದ್ಯಾಕೆ?”

“ಇಲ್ಲಿಂದ ನಡ್ಕೊಂಡು ಇಳಿಯೋಕೆ ನನ್ನ ಮಂಡಿ ಕೇಳ್ಬೇಕಲ್ಲ.”

ಭಾವ ನಕ್ಕರು. ಸೋತ ಮನುಷ್ಯ ಅಷ್ಟು ಹೊತ್ತು ನಗುವುದನ್ನು ನಾನು ನೋಡಿರಲಿಲ್ಲ. ಕಂದು ತುಂಡನ್ನು ಅದರ ಜಾಗದಲ್ಲಿ ಕೂರಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ನು, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಮಾತು ಮುಂದುವರಿಸಿತು. ಟ್ಯಾಂಕಿನವರೆಗೆ ಹೋದೆವು, ಅದರ ನೆರಳಿನಲ್ಲಿ ಸುತ್ತು ಹೊಡೆದೆವು, ಮನೆಗೆ ಬಂದೆವು. ಶೆಡ್ಡಿನ ಬಾಗಿಲಲ್ಲಿ ಇಬ್ಬರೂ ನನ್ನ ಮುಖ ನೋಡಿದರು. ಅಕ್ಕನ ಕಣ್ಣಿನಲ್ಲಿ ಬೇರೊಂದು ತೀರ್ಪಿಗೂ ಒಪ್ಪಿಗೆ ಇದ್ದಂತೆ ಕಂಡಿತು. ಆದರೆ ನಡೆದದ್ದು ನಡೆದದ್ದೇ.

“ನೋವಾದ್ರೆ ಕೈ ಎತ್ತಿ, ಭಾವ. ಕಾರು ನಿಂತಿತ್ತು.”

ಅವರು ಒಳ್ಳೆಯ ರೋಗಿಯಂತೆ ಎಡಗೈ ಎತ್ತಿದರು.

ಮಾರನೆಯ ದಿನ ಹೋಟೆಲು ಮಾಲೀಕರು ಬಂದರು. ಅಕ್ಕನೇ ಕರೆಸಿದ್ದಳು. ಭಾವ ಕೋಟು ತೊಟ್ಟು ಶೆಡ್ಡಿನ ಮೂಲೆಯಲ್ಲಿ, ಆಸ್ಪತ್ರೆಯಲ್ಲಿ ಹೆಸರು ಕೂಗುವುದನ್ನು ಕಾಯುವವರಂತೆ ಕುಳಿತಿದ್ದರು. ಅಕ್ಕ ಬಂದವರಿಗೆ ಕಾರಿನ ಸುತ್ತ ಒಂದು ಸುತ್ತು ಹಾಕಿಸಿ, ವಸಡಿನ ಬಣ್ಣದ ಗುಂಡಿಯನ್ನೂ ತೋರಿಸಿ, ಕೊನೆಗೆ ಹೇಳಿದಳು: “ನಿಮಗೆ ನಿಂತಿರೋ ಕಾರು ಬೇಕು ಅಂದ್ರಿ. ಇದು ಯಾವಾಗ ನಿಲ್ಲುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಯಾರ ಕೈಲೂ ಹೇಳೋಕಾಗಲ್ಲ. ನಿಮ್ಮ ಕೆಲಸಕ್ಕೆ ಇದು ಆಗಿಬರಲ್ಲ.” ಅವರು ಹೋದ ಮೇಲೆ ಗಂಡನ ಕಡೆ ತಿರುಗಿ, “ಸುಮ್ನೆ ಕೂತ್ರೆ ಹೇಗೆ? ನನ್ನ ಚಕ್ರ ಎತ್ಕೊಂಡ್ಬನ್ನಿ. ಕಿಟಕಿ ಹತ್ರ ಬೇಕು ನಂಗೆ,” ಎಂದಳು.

ಈಗ ಶೆಡ್ಡು ಅಕ್ಕನದು. ಕಿಟಕಿಯ ಬಳಿ ಅವಳ ಚಕ್ರ ತಿರುಗುತ್ತದೆ. ಕಾರಿನ ಹಿಂದಿನ ಸೀಟಿನ ಮೇಲೆ ಹಲಗೆ ಹಾಸಿ ಹಸಿ ಬಟ್ಟಲುಗಳನ್ನು ಒಣಗಲಿಟ್ಟಿರುತ್ತಾಳೆ. ಕಾರು ಅವಳ ಬಿಡಾರದಲ್ಲಿ ಬಾಡಿಗೆಯಿಲ್ಲದ ಬಾಡಿಗೆದಾರನಾಗಿದೆ. ಕೋಟು ತೊಡದೆ ಯಾರೂ ಕಾರು ಹೊರಗೆ ತೆಗೆಯುವಂತಿಲ್ಲ ಎಂಬುದು ಅವಳು ಹಾಕಿದ ಒಂದೇ ನಿಯಮ. ಗುಡ್ಡದ ಕತೆ ಕೇಳಿದ ಸೇಮ್ ಟು ಸೇಮ್ ಒಂದಷ್ಟು ದಿನ ಮುಖ ಚಿಕ್ಕದು ಮಾಡಿಕೊಂಡಿದ್ದ. ಆಮೇಲೆ, ಅವನು ಅವನೇ ಆದ್ದರಿಂದ, ಭಾವ ಕಚ್ಚಿ ಒಪ್ಪಿದ ರಬ್ಬರನ್ನೆಲ್ಲ ಬೇರೆ ಡಬ್ಬಿಗೆ ಹಾಕಿ, “ಇದು ಡಾಕ್ಟ್ರು ಕಚ್ಚಿದ ಮಾಲು” ಎಂದು ಮಾರತೊಡಗಿದ. ಪೆಟ್ರೋಲಿಗೆ ಊದಿಕೊಂಡದ್ದೂ ಡಾಕ್ಟರು ಕಚ್ಚಿದ್ದೇ ಎಂಬುದನ್ನು ಅವನು ಯಾರಿಗೂ ಹೇಳುವುದಿಲ್ಲ. ಗಿರಾಕಿಯೊಬ್ಬ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಲ್ಲಿನ ಗುರುತೇ ಕಾಣುತ್ತಿಲ್ಲವಲ್ಲ ಎಂದು ತಕರಾರು ತೆಗೆದನಂತೆ. “ಕಾಣ್ತಿಲ್ಲ ಅಂತಾನೇ ಅದು ಪಾಸಾಗಿರೋದು ಸಾರ್,” ಎಂದನಂತೆ ಇವನು. ಅವನ ಬಾಯಿಂದ ಬಂದ ಮೊದಲ ನಿಜ ಅದು ಎಂದು ಭಾವ ಮೆಚ್ಚಿಕೊಂಡರು.

ಇಂಥವರನ್ನು ಜನ ಹಳೆಯದರ ಮೋಹಿಗಳು ಎನ್ನುತ್ತಾರೆ. ಅದು ಸರಿಯಲ್ಲ. ಹಳೆಯದನ್ನು ಪ್ರೀತಿಸುವವರು ಹೋಟೆಲಿನ ಮುಂದೆ ಹೂಕುಂಡಗಳ ನಡುವೆ ನಿಂತ ಕಾರಿನ ಪಕ್ಕ ಫೋಟೋ ತೆಗೆಸಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಾರೆ. ನಾನು ಹೇಳುತ್ತಿರುವ ಜಾತಿಯವರಿಗೆ ವಸ್ತುವಿನ ವಯಸ್ಸು ಮುಖ್ಯವಲ್ಲ, ಅಸಲಿಯೋ ನಕಲಿಯೋ ಎಂಬುದೂ ಕೊನೆಗೆ ಮುಖ್ಯವಲ್ಲ. ತನ್ನ ಆಕಾರ ಕೊಟ್ಟ ಮಾತನ್ನು ವಸ್ತು ನಡೆಸಿಕೊಡಬೇಕು, ಅಷ್ಟೇ. ಕೊಳವೆಯಂತೆ ಕಾಣುವುದು ಹರಿಯಗೊಡಬೇಕು, ಹಲ್ಲಿನಂತೆ ಕಾಣುವುದು ಅಗಿಯಬೇಕು. ಹೋಲಿಕೆಯಷ್ಟಕ್ಕೇ ತೃಪ್ತವಾಗಿರುವ ಲೋಕದಲ್ಲಿ ಇವರು ಜಗಳಗಂಟರಾಗಿ ಕಾಣುವುದು ಸಹಜ, ಮತ್ತು ತಮ್ಮ ವಿವೇಕ ನಿಜವಾಗಿ ಬೇಕಾದ ದಿನವೇ ಅದನ್ನು ಮೊಳೆಗೆ ನೇತುಹಾಕಿ ಹೊರಡುವುದೂ ಇವರ ಸ್ವಭಾವದಲ್ಲಿದೆ. ಆದ್ದರಿಂದ ಇಂಥವರ ಪಕ್ಕದ ಸೀಟಿನಲ್ಲಿ, ಅವರನ್ನು ಹೊಗಳದ, ಅವರ ಜೇಬು ತಡಕುವ, ಗೆಲ್ಲುವ ಆಸೆಯಿದ್ದೂ ಕೈಚೀಲದಲ್ಲಿ ಹಳೆಯ ತುಂಡನ್ನು ಇಟ್ಟುಕೊಂಡು ಹೊರಡುವ ಇನ್ನೊಬ್ಬರು ಇರಬೇಕಾಗುತ್ತದೆ. ಆ ಇನ್ನೊಬ್ಬರ ಜಾಗಕ್ಕೆ ಬದಲಿ ಭಾಗವನ್ನು ಯಾವ ಅಂಗಡಿಯೂ ಈವರೆಗೆ ಮಾರಿಲ್ಲ.